ಬೀಗರ ನಡುವೆ ಬೀಗ

ಕೊರೋನಾ ಮುಗಿದು, ಮುಖಗವಸುಗಳೆಲ್ಲ ಮೂಲೆ ಸೇರಿದ ಮರುವರ್ಷ ನಡೆದದ್ದು ಇದು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಲವಗೊಪ್ಪ ದಾಟಿದ ಮೇಲೆ ಸಿಗುವ ಒಂದು ಖಾಸಗಿ ಫೌಂಡ್ರಿಯಲ್ಲಿ ಆಗ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ. ನಮ್ಮಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳು ತಯಾರಾಗುತ್ತಿದ್ದವು. ಸೇಫ್ಟಿ ಆಫೀಸರ್ ಎಂದರೆ ಎಲ್ಲರ ಕೆಲಸಕ್ಕೂ ಅಡ್ಡಗಾಲು ಹಾಕುವ ಹೆಂಗಸು ಎಂದು ಅಲ್ಲಿನವರ ಲೆಕ್ಕ. ಹೆಲ್ಮೆಟ್ ಎಲ್ಲಿ, ಕೈಗವಸು ಎಲ್ಲಿ ಎಂದು ಬೆಳಗಿನಿಂದ ಸಂಜೆವರೆಗೆ ಬೈಯುವುದೇ ನನ್ನ ಉದ್ಯೋಗ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರೂ ಹೇಳುತ್ತಾರೆ. ಸಾಮಾನ್ಯವಾಗಿ ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಈ ಪ್ರಕರಣದ ಸಿಟ್ಟು ಮಾತ್ರ ನಿವೃತ್ತಿಯಾದ ಮೇಲೂ ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ನನಗಿಲ್ಲ.

ಫೌಂಡ್ರಿಯಲ್ಲಿ ಅಚ್ಚು ಮಾಡುವುದು ಮರಳಿನಿಂದ. ಮರಳು, ಒಂದು ಬಗೆಯ ಜೇಡಿಮಣ್ಣು, ನೀರು ಇವನ್ನು ದೊಡ್ಡದೊಂದು ಉಕ್ಕಿನ ಡ್ರಮ್ಮಿಗೆ ಸುರಿದು, ತಿರುಗುವ ಬ್ಲೇಡುಗಳಿಂದ ಕಲಸುತ್ತಾರೆ. ಇದೇ ಸ್ಯಾಂಡ್ ಮಿಕ್ಸರ್. ಬ್ಲೇಡು ಸವೆದಾಗ ಫಿಟ್ಟರ್ ಒಬ್ಬ ಪಕ್ಕದ ಬಾಗಿಲು ತೆಗೆದು ಡ್ರಮ್ಮಿನೊಳಕ್ಕೇ ಇಳಿಯಬೇಕು. ಅವನು ಒಳಗಿರುವಾಗ ಯಾರಾದರೂ ಮೋಟಾರ್ ಚಾಲೂ ಮಾಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆಂದೇ ಇರುವುದು ಬೀಗದ ಪದ್ಧತಿ. ಇಳಿಯುವವನು ಮೊದಲು ಮಹಡಿಯ ಮೇಲಿನ ಪ್ಯಾನೆಲ್ ರೂಮಿಗೆ ಹೋಗಿ, ಮಿಕ್ಸರಿನ ಮೇನ್ ಸ್ವಿಚ್ ಆಫ್ ಮಾಡಿಸಿ, ಅದಕ್ಕೆ ತನ್ನ ಹೆಸರಿನ ಕೆಂಪು ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಬೀಗಕ್ಕೆ ಒಂದೇ ಕೀಲಿ. ಅವನೇ ಹೊರಗೆ ಬಂದು ಬೀಗ ತೆಗೆಯುವವರೆಗೆ ಸಾಕ್ಷಾತ್ ಮಾಲೀಕನೇ ಬಂದರೂ ಆ ಮಿಕ್ಸರ್ ತಿರುಗುವುದಿಲ್ಲ.

ಡ್ರಮ್ಮಿನ ಬಾಗಿಲು ತೆರೆದಿದ್ದರೆ ಮೋಟಾರ್ ಓಡದಂತೆ ತಡೆಯುವ ಇನ್ನೊಂದು ಸಣ್ಣ ಸ್ವಿಚ್ಚೂ ಇತ್ತು. ಮರಳು ಕೂತು ಅದು ಸುಮ್ಮಸುಮ್ಮನೆ ಇಡೀ ಉತ್ಪಾದನೆಯ ಲೈನ್ ನಿಲ್ಲಿಸುತ್ತದೆಂದು, ತಂತಿ ಸೇರಿಸಿ ಅದನ್ನು ನಿದ್ದೆಗೆ ಹಾಕಿದ್ದರು. ಸರಿಮಾಡಿಸಿ ಎಂದು ಬರೆದೂ ಬರೆದೂ ನನಗೆ ಸಾಕಾಗಿತ್ತು. ಹೀಗಾಗಿ ಒಳಗಿಳಿದವನ ಜೀವಕ್ಕೆ ಕಾವಲು ಎಂದು ಉಳಿದದ್ದು ಆ ಬೀಗ ಒಂದೇ.

ಹಾಲೇಶಪ್ಪ ನಮ್ಮ ಹಿರಿಯ ಫಿಟ್ಟರ್. ಮಲವಗೊಪ್ಪದವರು, ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿಯೇ ಡ್ಯೂಟಿಗೆ ಬರುವವರು. ಪ್ಯಾನೆಲ್ ರೂಮಿನ ಆಪರೇಟರ್ ಕುಬೇರಪ್ಪ ಭದ್ರಾವತಿ ಹಳೇನಗರದವರು. ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿ, ಅಂದಿನಿಂದ ಒಟ್ಟಿಗೇ ಉಂಡವರು. ಆ ವರ್ಷ ಹಾಲೇಶಪ್ಪನವರ ಮಗಳು ಶ್ವೇತಾಳಿಗೂ ಕುಬೇರಪ್ಪನವರ ಮಗ ಪ್ರವೀಣನಿಗೂ ನಿಶ್ಚಿತಾರ್ಥವಾಯಿತು. ಗೆಳೆಯರು ಬೀಗರಾದರು. ಹುಡುಗಿ ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಹುಡುಗ ಭದ್ರಾವತಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ. ನಾನೂ ಹೋಗಿ ಹೋಳಿಗೆ ಉಂಡು ಬಂದೆ.

ಕನ್ನಡ ಭಾಷೆಗೆ ಬಾಗಿಲಿನ ಬೀಗಕ್ಕೂ ಸಂಬಂಧದ ಬೀಗನಿಗೂ ಒಂದೇ ಮಾತು ಇಡುವ ಬುದ್ಧಿ ಯಾಕೆ ಬಂತೋ ಕಾಣೆ. ನಿಶ್ಚಿತಾರ್ಥ ಮುಗಿಸಿ ಬಂದ ಹಾಲೇಶಪ್ಪ ಕೆಂಪು ಬೀಗ ಹಿಡಿದು ಪ್ಯಾನೆಲ್ ರೂಮಿನ ಮೆಟ್ಟಿಲು ಹತ್ತುವಾಗ ಕೆಳಗಿದ್ದವರೆಲ್ಲ ನಕ್ಕರಂತೆ. ಅಚ್ಚು ಕಟ್ಟುವ ಸೆಲ್ವಂ, ಭದ್ರಾವತಿಯ ತಮಿಳು ಹುಡುಗ, "ಬೀಗರೇ ಮೇಲೆ ಕೂತಿದಾರೆ, ಇನ್ನು ಬೀಗ ಎದುಕ್ಕು ಅಣ್ಣಾ?" ಎಂದು ಕೂಗಿದನಂತೆ. ಅಲ್ಲಿಗೆ ಮುಗಿದಿದ್ದರೆ ತಮಾಷೆ. ಆದರೆ ಕುಬೇರಪ್ಪನವರೂ ಒಂದು ಮಾತು ಸೇರಿಸಿದರು.

"ಮಗಳನ್ನ ನಮ್ಮನೆಗೆ ಕೊಡೋಕೆ ನಂಬಿಕೆ ಇದೆ. ಒಂದು ಸ್ವಿಚ್ಚು ನನ್ನ ಕೈಲಿ ಬಿಡೋಕೆ ನಂಬಿಕೆ ಇಲ್ವಾ ಬೀಗ್ರೆ?"

ನಗುತ್ತಲೇ ಹೇಳಿದ್ದು, ನಿಜ. ಆದರೆ ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಕಡೆಯವರ ನಗುವನ್ನು ನಗುವಾಗಿ ಕೇಳಿಸಿಕೊಳ್ಳುವುದಿಲ್ಲ. ಅದರ ಹಿಂದೆ ಏನಿದೆ ಎಂದು ರಾತ್ರಿಯೆಲ್ಲ ಹೊರಳಾಡುತ್ತಾರೆ. ಹಾಲೇಶಪ್ಪನವರ ಕೆಂಪು ಬೀಗ ಅವತ್ತಿನಿಂದ ಅವರ ಟೂಲ್ ಬಾಕ್ಸಿನಲ್ಲೇ ಉಳಿಯಿತು.

ಇದು ಕಿವಿಗೆ ಬಿದ್ದದ್ದೇ ನಾನು ಹಾಲೇಶಪ್ಪನವರನ್ನು ಕರೆಸಿ ಚೆನ್ನಾಗಿ ಬೈದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ ಮೆತ್ತಗೆ, "ನೀವು ಹೇಳೋದು ಸರಿ ಮೇಡಂ. ಆದ್ರೆ ಅವ್ರ ಕಣ್ಣೆದುರಿಗೇ ಬೀಗ ಜಡಿದ್ರೆ ಮುಖಕ್ಕೆ ಹೊಡ್ದಂಗೆ ಆಗ್ತದೆ. ನಾಳೆ ಮದುವೆ ಮನೇಲಿ ಅದೇ ಒಂದು ಮಾತಾಗ್ಬಾರ್ದಲ್ಲ" ಎಂದರು.

"ಮದುವೆ ಮನೆಗೆ ನೀವು ಎರಡು ಕಾಲ ಮೇಲೆ ನಡ್ಕೊಂಡು ಹೋಗ್ಬೇಕಲ್ಲ ಮಾರಾಯ್ರೆ" ಎಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಅದನ್ನು ನೆನೆದರೆ ಈಗಲೂ ನಾಲಿಗೆ ಕಹಿಯಾಗುತ್ತದೆ.

ಹಾಲೇಶಪ್ಪನವರ ಮೇಲೆ ಕ್ರಮ ತೆಗೆದುಕೊಂಡು ಪ್ರಯೋಜನವಿರಲಿಲ್ಲ. ಅವರನ್ನು ನೋಡಿ ಬೇರೆ ಫಿಟ್ಟರುಗಳೂ ಬೀಗ ಬಿಡತೊಡಗಿದ್ದರು. ಬೀಗ ಹಾಕಿದವನು ಅನುಮಾನದ ಪ್ರಾಣಿ, ಹಾಕದವನು ದೊಡ್ಡ ಮನಸ್ಸಿನವನು ಎಂಬ ಹವಾ ಎದ್ದಿತ್ತು. ಹಾಗಾಗಿ ನೇರ ಪ್ಲಾಂಟ್ ಮ್ಯಾನೇಜರ್ ಹತ್ತಿರ ಹೋದೆ. ಹೊಸದಾಗಿ ಬಂದಿದ್ದ ಮನುಷ್ಯ. ಮಾತೆತ್ತಿದರೆ ‘ನಾವೆಲ್ಲ ಒಂದೇ ಫ್ಯಾಮಿಲಿ’ ಎನ್ನುತ್ತಿದ್ದರಿಂದ ಕೆಲಸಗಾರರು ಅವರಿಗೆ ಫ್ಯಾಮಿಲಿ ಸಾರ್ ಎಂದೇ ಹೆಸರಿಟ್ಟಿದ್ದರು. ಬೀಗ ಹಾಕಿ ತೆಗೆಯುವುದರಲ್ಲಿ ಲೈನ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವರಿಗೆ ಮೊದಲೇ ಚಡಪಡಿಕೆ ಇತ್ತು. ನಾನು ದೂರು ಒಯ್ದರೆ ಅವರಿಗೆ ಅದರಲ್ಲಿ ವರ ಕಂಡಿತು.

"ಒಳ್ಳೇದೇ ಆಯ್ತಲ್ಲ ಮೇಡಂ. ಜನ ಒಬ್ಬರನ್ನೊಬ್ಬರು ನಂಬ್ತಿದಾರೆ. ಇಂಥ ಕಲ್ಚರ್ ಬೆಳೆಸೋಕೆ ದೊಡ್ಡ ದೊಡ್ಡ ಕಂಪನಿಗಳು ಒದ್ದಾಡ್ತವೆ" ಎಂದರು.

"ಸಾರ್, ಗೇಟಲ್ಲಿ ಹಗಲೂ ರಾತ್ರಿ ನಮ್ಮದೇ ವಾಚ್‌ಮನ್ ಇದಾನೆ. ಆದ್ರೂ ನೀವು ಕಾರಿಗೆ ಲಾಕ್ ಹಾಕ್ತೀರಿ. ಅವನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿದೆ.

ಅವರು ನಕ್ಕರು. ವಾರ ಕಳೆಯುವುದರೊಳಗೆ ಸುತ್ತೋಲೆ ಬಂತು. ‘ಬೀಗವನ್ನು ಅಗತ್ಯವಿದ್ದಲ್ಲಿ ಬಳಸುವುದು.’ ಅಗತ್ಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂದು ಅದರಲ್ಲಿರಲಿಲ್ಲ. ಅದರ ಜೊತೆಗೆ ಕ್ಯಾಂಟೀನಿನ ಗೋಡೆಗೆ, ಎರಡು ಕೈ ಕುಲುಕುವ ಚಿತ್ರದ ಕೆಳಗೆ, ‘ನಂಬಿಕೆಯೇ ನಮ್ಮ ಬಲ’ ಎಂಬ ಬ್ಯಾನರ್ ಬಂತು. ನಾನು ಲಿಖಿತವಾಗಿ ವಿರೋಧಿಸಿದೆ. ಕಾರ್ಖಾನೆ ಇನ್‌ಸ್ಪೆಕ್ಟರರಿಗೂ ಒಂದು ಪ್ರತಿ ಕಳಿಸಿದೆ. ಅವರ ಭೇಟಿಯ ದಿನ ಗೊತ್ತಾಗುವ ಮೊದಲೇ ಆಗಬಾರದ್ದು ಆಗಿಹೋಯಿತು.

ಅವತ್ತು ಮಧ್ಯಾಹ್ನದ ಪಾಳಿ. ಮಿಕ್ಸರಿನ ಬ್ಲೇಡು ಬದಲಿಸಬೇಕಿತ್ತು. ಹಾಲೇಶಪ್ಪ ವಾಕಿಟಾಕಿಯಲ್ಲಿ ಸ್ವಿಚ್ ಆಫ್ ಮಾಡಿಸಿಕೊಂಡು, ಬೀಗ ಹಾಕದೆ ಒಳಗಿಳಿದರು. ಪ್ಯಾನೆಲ್ ರೂಮಿನಿಂದ ಮಿಕ್ಸರ್ ಕಾಣುವುದಿಲ್ಲ. ಮಧ್ಯೆ ಮರಳಿನ ದೊಡ್ಡ ತೊಟ್ಟಿ ಅಡ್ಡ. ಇತ್ತ ಕರಗಿದ ಕಬ್ಬಿಣ ತಯಾರಾಗಿ ನಿಂತಿತ್ತು, ಹೊಯ್ಯಲು ಅಚ್ಚುಗಳಿರಲಿಲ್ಲ. ಪಾಳಿಯ ಇನ್‌ಚಾರ್ಜ್ ಪ್ಯಾನೆಲ್ ರೂಮಿಗೇ ಹೋಗಿ ಕುಬೇರಪ್ಪನವರ ಹೆಗಲ ಹಿಂದೆ ನಿಂತ. ಅವನ ಫೋನಿನಲ್ಲಿ ಮ್ಯಾನೇಜರ್ ಲೈನಿನಲ್ಲೇ ಇದ್ದರು.

ಕುಬೇರಪ್ಪ ವಾಕಿಟಾಕಿ ಎತ್ತಿ ಕೇಳಿದರು. "ಬೀಗ್ರೆ, ಆಯ್ತಾ?"

ಒಳಗಿನಿಂದ ಉತ್ತರ ಬಂತು. "ಆಯ್ತು, ಆಯ್ತು."

ಕುಬೇರಪ್ಪ ಸ್ವಿಚ್ ಏರಿಸಿ ಗುಂಡಿ ಒತ್ತಿದರು.

ಹಾಲೇಶಪ್ಪ ಆಗ ಕೊನೆಯ ಬೋಲ್ಟ್ ಬಿಗಿ ಮಾಡುತ್ತಿದ್ದರು. ಒಂದು ಕಾಲು ಬಾಗಿಲಿನ ಹೊರಗಿತ್ತು, ಒಂದು ಕಾಲು ಡ್ರಮ್ಮಿನೊಳಗಿತ್ತು. ಪಕ್ಕದಲ್ಲೇ ಇದ್ದ ಸೆಲ್ವಂ ಓಡಿಬಂದು ಎಮರ್ಜೆನ್ಸಿ ಗುಂಡಿಗೆ ಗುದ್ದಿದ್ದರಿಂದ ಜೀವ ಉಳಿಯಿತು. ನಾನು ತಲುಪುವಾಗ ಅವರನ್ನು ಹೊರಗೆಳೆದು ಮಲಗಿಸಿದ್ದರು. ಕುಬೇರಪ್ಪ ಪ್ಯಾನೆಲ್ ರೂಮಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ತಲೆ ಚಚ್ಚಿಕೊಳ್ಳುತ್ತಿದ್ದರು. ಆಂಬುಲೆನ್ಸಿನಲ್ಲಿ ಹಾಲೇಶಪ್ಪ ನನ್ನ ಕೈ ಹಿಡಿದು, "ಶ್ವೇತಂಗೆ ಈಗ್ಲೇ ಹೇಳ್ಬೇಡಿ" ಎಂದಷ್ಟೇ ಹೇಳಿದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಮರುದಿನ ಮ್ಯಾನೇಜರ್ ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಬಂದರು. ಹಾಲೇಶಪ್ಪನವರ ಹೆಂಡತಿಯ ಮುಂದೆ ನಿಂತು, ಹೆದರಬೇಡಿ, ನಾವೆಲ್ಲ ಒಂದೇ ಫ್ಯಾಮಿಲಿ ಎಂದರು. ಆಕೆ ಬುಟ್ಟಿಯನ್ನು ತೆಗೆದು ಬಾಗಿಲಾಚೆ ಇಟ್ಟು ಬಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಫ್ಯಾಮಿಲಿಯಲ್ಲಿ ಕಾಲು ಹೋದದ್ದು ಮಾತ್ರ ಒಬ್ಬರದ್ದೇ.

ಕಂಪನಿಯ ಒಳಗಿನ ವಿಚಾರಣೆಗೆ ದಿನ ನಿಗದಿಯಾಯಿತು. ಕಾರ್ಖಾನೆ ಇನ್‌ಸ್ಪೆಕ್ಟರ್ ಕೂಡ ಬರುವವರಿದ್ದರು. ಅದರ ಹಿಂದಿನ ಭಾನುವಾರ ಕುಬೇರಪ್ಪ ಶಿವಮೊಗ್ಗದ ಗೋಪಾಳದಲ್ಲಿದ್ದ ನಮ್ಮ ಮನೆ ಹುಡುಕಿಕೊಂಡು ಬಂದರು. ಮುಖ ಸೊರಗಿ ಹೋಗಿತ್ತು. ಗೇಟಿನಲ್ಲೇ ನಿಂತು ವಿಷಯ ಹೇಳಿದರು. ಮ್ಯಾನೇಜರ್ ಅವರನ್ನು ಚೇಂಬರಿಗೆ ಕರೆಸಿಕೊಂಡು ಪಾಠ ಹೇಳಿಕೊಟ್ಟಿದ್ದರು. ‘ಹಾಲೇಶಪ್ಪ ಕೆಲಸ ಮುಗಿದಿದೆ ಎಂದು ಸ್ಪಷ್ಟವಾಗಿ ಹೇಳಿದರು, ಅದಕ್ಕೇ ಚಾಲೂ ಮಾಡಿದೆ’ ಎಂದು ಹೇಳಿದರೆ ಸಾಕು, ತಪ್ಪು ಹಾಲೇಶಪ್ಪನವರದ್ದಾಗುತ್ತದೆ, ಕುಬೇರಪ್ಪನವರ ನೌಕರಿ ಉಳಿಯುತ್ತದೆ. ಹೆಚ್ಚಿಗೆ ಏನಾದರೂ ಒದರಿದರೆ ನೌಕರಿಯೂ ಇಲ್ಲ, ಪೊಲೀಸ್ ಕೇಸೂ ಬೀಳಬಹುದು. ಪಾಠದ ಕೊನೆಗೆ ಮ್ಯಾನೇಜರ್, "ನಿನ್ನ ಮೇಲೆ ನನಗೆ ನಂಬಿಕೆ ಇದೆ" ಎಂದು ಬೆನ್ನು ತಟ್ಟಿದ್ದರಂತೆ.

"ಏನ್ ಹೇಳ್ಲಿ ಮೇಡಂ?" ಎಂದು ಕುಬೇರಪ್ಪ ಕೇಳಿದರು.

"ಅದನ್ನ ನನ್ನ ಹತ್ರ ಕೇಳೋಕೆ ಬಂದಿದೀರಲ್ಲ, ನಾಚಿಕೆ ಆಗಲ್ವಾ? ಗುಂಡಿ ಒತ್ತೋವಾಗ ಯಾರನ್ನಾದ್ರೂ ಕೇಳಿದ್ರಾ?" ಎಂದೆ. ಒಳಗೆ ಬನ್ನಿ ಎನ್ನಲಿಲ್ಲ. ಮನೆಗೆ ಬಂದವರಿಗೆ ಒಂದು ಲೋಟ ನೀರನ್ನೂ ಕೊಡದೆ ಕಳಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಅದೇ ಸಂಜೆ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಶ್ವೇತಾ ಒಬ್ಬಳೇ ಕೂತಿದ್ದಳು. ಮದುವೆ ಮುರಿಯಿತು ಎಂದು ಎರಡೂ ಊರಿನ ನೆಂಟರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಪ್ರವೀಣ ದಿನಾ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಹೋಗುತ್ತಿದ್ದ, ಮೇಲೆ ಬರುವ ಧೈರ್ಯ ಅವನಿಗಿರಲಿಲ್ಲ. ಹಾಲೇಶಪ್ಪ ಮಾತ್ರ ಆ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ನೀನು ಏನು ಯೋಚನೆ ಮಾಡಿದ್ದೀಯ ಎಂದು ಹುಡುಗಿಯನ್ನೇ ಕೇಳಿದೆ.

"ನಾಳೆ ಅವರಪ್ಪ ವಿಚಾರಣೇಲಿ ಏನ್ ಹೇಳ್ತಾರೆ ಅಂತ ನೋಡ್ತೀನಿ ಮೇಡಂ. ಆಮೇಲೆ ಹೇಳ್ತೀನಿ, ನಾನು ಆ ಮನೆಗೆ ಹೋಗ್ತೀನೋ ಇಲ್ವೋ ಅಂತ" ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನನಗಿಂತ ಹೆಚ್ಚು ಸಿಟ್ಟು ಬಂದಿದ್ದವರನ್ನು ಅವತ್ತೇ ನಾನು ನೋಡಿದ್ದು.

ವಿಚಾರಣೆ ನಡೆದದ್ದು ಎ.ಸಿ. ಹಾಕಿದ ಕಾನ್ಫರೆನ್ಸ್ ಹಾಲಿನಲ್ಲಿ. ಇನ್‌ಸ್ಪೆಕ್ಟರ್ ಒಂದು ತುದಿಗೆ, ಮ್ಯಾನೇಜರ್ ಇನ್ನೊಂದು ತುದಿಗೆ. ಕುಬೇರಪ್ಪ ಕುರ್ಚಿ ಕೊಟ್ಟರೂ ಕೂರದೆ ನಿಂತೇ ಇದ್ದರು. ಮ್ಯಾನೇಜರ್ ಸುತ್ತುಬಳಸು ಮಾಡಲಿಲ್ಲ.

"ನೀವು ಕೇಳಿದಾಗ ಹಾಲೇಶಪ್ಪ ‘ಆಯ್ತು’ ಅಂದ್ರೋ ಇಲ್ವೋ?"

"ಅಂದ್ರು ಸಾರ್. ಎರಡು ಸಲ ಅಂದ್ರು."

ಮ್ಯಾನೇಜರ್ ಇನ್‌ಸ್ಪೆಕ್ಟರರ ಕಡೆ ನೋಡಿ, ಇಷ್ಟೇ ವಿಷಯ ಎಂಬಂತೆ ಕುರ್ಚಿಗೆ ಒರಗಿದರು. ಕುಬೇರಪ್ಪ ಅಲ್ಲಿಂದ ಕದಲಲಿಲ್ಲ.

"ಎರಡು ಸಲ ಅಂದಿದ್ದೇ ವಿಷಯ ಸಾರ್" ಎಂದರು. "ಹಾಲೇಶಪ್ಪ ಒಂದು ಸಲ ‘ಆಯ್ತು’ ಅಂದ್ರೆ ಕೆಲಸ ಮುಗೀತು ಅಂತ. ‘ಆಯ್ತು ಆಯ್ತು’ ಅಂದ್ರೆ ಇನ್ನೂ ಆಗಿಲ್ಲ, ತಲೆ ತಿನ್ಬೇಡ ಅಂತ. ದಿನಾ ಊಟಕ್ಕೆ ಕರೆಯೋನು ನಾನು. ‘ಆಯ್ತು ಆಯ್ತು’ ಅಂದ್ರೆ ನಾನು ಡಬ್ಬಿ ಬಿಚ್ಚದೇ ಕಾಯ್ತೀನಿ. ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ತದೆ? ಗೊತ್ತಿದ್ದೂ ಸ್ವಿಚ್ ಹಾಕ್ದೆ. ಇನ್‌ಚಾರ್ಜ್ ಹಿಂದೆ ನಿಂತಿದ್ರು, ಫೋನಲ್ಲಿ ನೀವಿದ್ರಿ. ನನಗೆ ಬೇಕಾದ ಅರ್ಥ ತಗೊಂಡೆ. ಮೆಟ್ಲು ಇಳಿದು ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ. ಅವರು ಬೀಗ ಹಾಕದಂಗೆ ಮಾತಾಡಿದ್ದೂ ನಾನೇ."

ಅವರು ಹೇಳಿದ್ದು ನಿಜ ಎಂದು ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ತಿಳಿದಿತ್ತು. ಸ್ನಾನಕ್ಕೆ ಏಳಿ ಎಂದರೆ, ಅಂಗಡಿಗೆ ಹೋಗಿ ಬನ್ನಿ ಎಂದರೆ, ನಮ್ಮ ಮನೆಗಳಲ್ಲಿ ಬರುವ ಉತ್ತರವೂ ಇದೇ. ‘ಆಯ್ತು ಆಯ್ತು’ ಎಂದವನು ಆ ಕ್ಷಣಕ್ಕೆ ಎದ್ದದ್ದನ್ನು ಯಾರಾದರೂ ಕಂಡಿದ್ದಾರೆಯೇ?

"ಸೆಂಟಿಮೆಂಟ್ ಎಲ್ಲ ಬೇಡ. ಹೌದು ಅಥವಾ ಇಲ್ಲ, ಅಷ್ಟು ಹೇಳಿ" ಎಂದು ಮ್ಯಾನೇಜರ್ ದನಿ ಏರಿಸಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಇದಕ್ಕಿಂತ ಸ್ಪಷ್ಟವಾಗಿ ಹೇಳೋಕೆ ಯಾರಿಂದಲೂ ಆಗಲ್ಲ ಸಾರ್. ತನ್ನ ಪಾಲಿನ ತಪ್ಪು ಅವರು ಒಪ್ಪಿಕೊಂಡ್ರು. ಬೀಗದ ಮುಂದೆ ‘ಅಗತ್ಯವಿದ್ದಲ್ಲಿ’ ಅಂತ ಬರೆಸಿದವರು ಯಾರು ಅಂತ ಈಗ ನೀವು ಹೇಳಿ. ಹೌದು ಅಥವಾ ಇಲ್ಲ ಅಲ್ಲ, ಹೆಸರು ಹೇಳಿ."

ಮ್ಯಾನೇಜರ್ ನೀರು ಕುಡಿದರು. "ಅದು ಎಲ್ಲರೂ ಸೇರಿ ತಗೊಂಡ ತೀರ್ಮಾನ" ಎಂದರು. ಇನ್‌ಸ್ಪೆಕ್ಟರ್ ನಾನು ಕಳಿಸಿದ್ದ ವಿರೋಧದ ಪ್ರತಿಯನ್ನು ಅವರ ಮುಂದೆ ಸರಿಸಿದರು. ಹೊಗಳಿಕೆ ಬಂದರೆ ನನ್ನದು, ಬೈಗುಳ ಬಂದರೆ ಎಲ್ಲರದ್ದು ಎನ್ನುವ ಇಂಥವರನ್ನು ನಾನು ವೃತ್ತಿಯುದ್ದಕ್ಕೂ ಕಂಡಿದ್ದೇನೆ. ಅಷ್ಟು ರಾಜಾರೋಷವಾಗಿ ಕಂಡದ್ದು ಅವತ್ತೇ.

ಆಮೇಲೆ ನ್ಯಾಯ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಬೀಗ ಮತ್ತೆ ಕಡ್ಡಾಯವಾಯಿತು, ಬಾಗಿಲಿನ ಸ್ವಿಚ್ ಹೊಸದು ಬಂತು, ಹಾಲೇಶಪ್ಪನವರಿಗೆ ಪರಿಹಾರ ಸಿಕ್ಕಿತು. ಇವು ಇನ್‌ಸ್ಪೆಕ್ಟರ್ ಕಡೆಯಿಂದ ಆದ ಕೆಲಸಗಳು. ಕುಬೇರಪ್ಪನವರನ್ನು ಕಂಪನಿ ಮನೆಗೆ ಕಳಿಸಿತು. ಇನ್‌ಚಾರ್ಜನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಮ್ಯಾನೇಜರ್ ಬೇರೆ ಊರಿನ ಇನ್ನೂ ದೊಡ್ಡ ಪ್ಲಾಂಟಿಗೆ ಹೋದರು. ಬೀಳ್ಕೊಡುಗೆಯಲ್ಲಿ ಅವರಿಗೆ ಶಾಲು ಹೊದಿಸಲು ನನ್ನನ್ನು ಕರೆದರು. ನಾನು ಕುರ್ಚಿಯಿಂದ ಏಳಲಿಲ್ಲ.

ವಿಚಾರಣೆಯ ದಿನ ಸಂಜೆಯೇ ನಾನು ಆಸ್ಪತ್ರೆಗೆ ಹೋಗಿ, ಕುಬೇರಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಹಾಲೇಶಪ್ಪನವರಿಗೂ ಶ್ವೇತಾಳಿಗೂ ಹೇಳಿದ್ದೆ. ಹಾಲೇಶಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಶ್ವೇತಾ, "ಅಪ್ಪನ ಕಾಲು ಹೋಯ್ತು ಅಂತ ನಾನು ಮದುವೆ ಬಿಡ್ತಿರ್ಲಿಲ್ಲ ಮೇಡಂ. ಅವರು ಸುಳ್ಳು ಹೇಳಿದ್ರೆ ಬಿಡ್ತಿದ್ದೆ" ಎಂದು ಹೇಳಿ, ಕೆಳಗೆ ಗೇಟಿನ ಹತ್ತಿರ ನಿಂತಿದ್ದ ಪ್ರವೀಣನನ್ನು ಮೇಲೆ ಕರೆತರಲು ಹೋದಳು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ನಂಬಿಕೆ ಎಂದರೆ ನೋಡದೆ ಬಿಡುವ ರಿಯಾಯಿತಿ ಅಲ್ಲ. ನಿಜವಾಗಿ ನಂಬಬಹುದಾದವನು ‘ಬೀಗ ಹಾಕಿದ್ಯಾ’ ಎಂದು ತಾನೇ ಕೇಳುತ್ತಾನೆ, ಹಾಕದಿದ್ದರೆ ಬೈಯುತ್ತಾನೆ. ‘ನನ್ನ ಮೇಲೆ ನಂಬಿಕೆ ಇಲ್ವಾ’ ಎಂದು ಮುಖ ಊದಿಸುವವನು ಎದುರಾದರೆ, ಅವನು ಗೆಳೆಯನಿರಲಿ, ನೆಂಟನಿರಲಿ, ಮ್ಯಾನೇಜರ್ ಇರಲಿ, ಒಂದರ ಬದಲು ಎರಡು ಬೀಗ ಹಾಕಿ. ಮನಸ್ಸು ನೊಂದರೆ ಸಮಾಧಾನ ಮಾಡಬಹುದು.

ಮದುವೆ ಭದ್ರಾವತಿಯಲ್ಲಿ ನಡೆಯಿತು. ಹಾಲೇಶಪ್ಪ ಊರುಗೋಲಿನ ಮೇಲೆ ನಿಂತೇ ಧಾರೆ ಎರೆದರು. ಎದುರಿಗೇ ಇದ್ದ ಕುಬೇರಪ್ಪನವರ ಜೊತೆ ಅವರು ಒಂದು ಮಾತೂ ಆಡಲಿಲ್ಲ, ಇವತ್ತಿಗೂ ಆಡಿಲ್ಲ. ಊಟ ಮುಗಿಸಿ ಹೊರಡುವಾಗ, ಅಷ್ಟು ಸಿಟ್ಟಿಟ್ಟುಕೊಂಡು ಆ ಮನೆಗೆ ಮಗಳನ್ನು ಹೇಗೆ ಕೊಟ್ಟಿರಿ ಎಂದು ಅವರನ್ನು ಕೇಳಿಯೇಬಿಟ್ಟೆ.

ಹಾಲೇಶಪ್ಪ ಊರುಗೋಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

"ಸಿಟ್ಟು ಸಾಯೋ ತನಕ ಇರ್ತದೆ ಮೇಡಂ" ಎಂದರು. "ಅವ್ರ ಮೇಲೆ ಅನುಮಾನ ಇಲ್ಲ."